ಏನನ್ನೂ ಕೇಳದ ನೋಟ

ರುಮಾಲೆ ಚನ್ನಬಸವಯ್ಯನವರ ಚಿತ್ರಗಳಲ್ಲಿ ಬೆಂಗಳೂರಿನ ಮರಗಳು ಹೂ ಬಿಟ್ಟು ನಿಂತಿರುವ ರೀತಿಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಗುಲ್‌ಮೊಹರಿನ ಕೆಂಪು ಕೊಂಬೆಯಲ್ಲಷ್ಟೇ ನಿಲ್ಲದೆ ರಸ್ತೆಗೂ ನೆರಳಿಗೂ ಆಕಾಶಕ್ಕೂ ಹರಡಿಕೊಂಡಿರುತ್ತದೆ. ಬಣ್ಣವನ್ನು ಇಷ್ಟು ಹಸಿವಿನಿಂದ ಬಳಸಿದ ಈ ಮನುಷ್ಯ ತಮ್ಮ ಬದುಕಿನ ನಡುಗಾಲದ ಬಹುಪಾಲನ್ನು ಬೇರೆ ಕೆಲಸಗಳಿಗೆ ಕೊಟ್ಟವರು. 1910ರಲ್ಲಿ ಹುಟ್ಟಿದ ರುಮಾಲೆ ಹರೆಯದಲ್ಲಿ ಚಿತ್ರಕಲೆ ಕಲಿತರು, ಸ್ವಾತಂತ್ರ್ಯ ಚಳವಳಿ ಕರೆದಾಗ ಕುಂಚ ಕೆಳಗಿಟ್ಟು ಹೋದರು. ಸೆರೆಮನೆ, ಸೇವಾದಳ, ‘ತಾಯಿನಾಡು’ ಪತ್ರಿಕೆ, ರಾಜಕಾರಣ ಎಂದು ದಶಕಗಳೇ ಉರುಳಿದವು. 1960ರ ದಶಕದ ಆರಂಭದಲ್ಲಿ, ಐವತ್ತು ದಾಟಿದ ಮೇಲೆ, ರಾಜಕಾರಣ ಬಿಟ್ಟು ಮತ್ತೆ ಕುಂಚ ಹಿಡಿದರು. 1988ರಲ್ಲಿ ತೀರಿಕೊಂಡರು. ಇಂದು ನಾವು ರುಮಾಲೆಯವರದೆಂದು ಗುರುತಿಸುವ ಆ ಹೂಮರಗಳು ಹೆಚ್ಚಾಗಿ ಈ ಎರಡನೆಯ ಬಾಳಿನವು.

ನಡುವಿನ ಆ ವರ್ಷಗಳಲ್ಲಿ ಚಿತ್ರಕಾರ ಎಲ್ಲಿದ್ದ? ಸಭೆ ಮುಗಿಸಿ ಬರುವಾಗ ದಾರಿಯ ಮರವನ್ನು ಆತ ನೋಡುತ್ತಿದ್ದನೇ? ನೋಡಿದ್ದು ಎಲ್ಲಿ ಉಳಿಯಿತು? ಈ ಪ್ರಶ್ನೆ ದೊಡ್ಡ ಕಲಾವಿದರಿಗೆ ಮಾತ್ರ ಸೇರಿದ್ದಲ್ಲ ಎಂದು ನನಗೆ ಅನ್ನಿಸುವುದಕ್ಕೆ ಕಾರಣವಿದೆ. ನಮ್ಮ ಊರುಗಳ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಮೇಷ್ಟ್ರು ಎಂಬ ಒಬ್ಬರಿದ್ದರು. ಲೋಯರ್, ಹೈಯರ್ ಪರೀಕ್ಷೆಗಳಿಗೆ ಮಕ್ಕಳನ್ನು ಕೂರಿಸಿ, ಹೂಜಿ, ತಂಬಿಗೆ, ಮಡಿಸಿದ ಪುಸ್ತಕಗಳನ್ನು ಮೇಜಿನ ಮೇಲಿಟ್ಟು, ಪೆನ್ಸಿಲನ್ನು ಕೈಯುದ್ದಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ಅಳತೆ ತೆಗೆಯುವುದನ್ನು ಅವರು ಕಲಿಸುತ್ತಿದ್ದರು. ಆ ಪರೀಕ್ಷೆ ಪಾಸಾದ ಮಕ್ಕಳಲ್ಲಿ ಹೆಚ್ಚಿನವರು ಎಸ್ಸೆಸ್ಸೆಲ್ಸಿಯ ಹೊಸ್ತಿಲಲ್ಲಿ ಬಣ್ಣದ ಪೆಟ್ಟಿಗೆ ಮುಚ್ಚಿಟ್ಟರು. ಇಂದು ಅವರು ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದ್ದಾರೆ. ಬ್ಯಾಂಕಿನವರ ಪೈಕಿ ನಾನೂ ಒಬ್ಬಳು.

ನಾನು ಮತ್ತೆ ಚಿತ್ರ ಬರೆಯತೊಡಗಿದ ಮೇಲೆ ಮೊದಲು ಎದುರಾದದ್ದು ಕೈಯ ತೊಡಕಲ್ಲ, ಒಂದು ಪ್ರಶ್ನೆ. ಸಹೋದ್ಯೋಗಿಗಳು ಪ್ರೀತಿಯಿಂದಲೇ ಕೇಳಿದರು: “ಒಳ್ಳೇದು ಮೇಡಂ, ಟೆನ್ಷನ್ ಕಮ್ಮಿ ಆಗುತ್ತೆ ಅಲ್ವಾ?” ನೆಂಟರು ಇನ್ನೊಂದು ಹೆಜ್ಜೆ ಮುಂದೆ ಹೋದರು: “ಚಿತ್ರಸಂತೆಯಲ್ಲಿ ಇಟ್ಟರೆ ಮಾರಾಟ ಆಗುತ್ತಂತೆ.” ಇನ್ನು ಕೆಲವರು, ಮಕ್ಕಳಿಗೆ ಒಳ್ಳೆಯ ಮಾದರಿ ಆಯಿತು ಎಂದರು. ಯಾವುದೂ ಸುಳ್ಳಲ್ಲ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಉದ್ದಕ್ಕೂ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಗೆ ನಾನೂ ಹೋಗಿದ್ದೇನೆ. ಪಾದಚಾರಿ ದಾರಿಯಲ್ಲಿ ಕೂತು ತಮ್ಮ ಚಿತ್ರ ಮಾರುವವರ ಕಣ್ಣಿನ ಹೊಳಪು ದೊಡ್ಡದು. ಆದರೂ ಈ ಮಾತುಗಳನ್ನು ಕೇಳುವಾಗ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಗೃಹಸ್ಥರಿಗೆ, ಅದರಲ್ಲೂ ದುಡಿಯುವ ಗೃಹಿಣಿಗೆ, ಒಂದು ಹವ್ಯಾಸಕ್ಕೆ ಅನುಮತಿ ಸಿಗಬೇಕಾದರೆ ಅದು ಇನ್ನೊಂದಕ್ಕೆ ಉಪಯೋಗವಾಗಬೇಕು. ಮನಸ್ಸು ಹಗುರಾಗಿ ನಾಳೆ ಹೆಚ್ಚು ಕೆಲಸ ಮಾಡಬೇಕು, ಇಲ್ಲವೇ ನಾಲ್ಕು ಕಾಸು ಬರಬೇಕು, ಇಲ್ಲವೇ ಮಕ್ಕಳು ಉದ್ಧಾರವಾಗಬೇಕು. ಚಿತ್ರ ಚಿತ್ರಕ್ಕಾಗಿ ಎನ್ನುವುದನ್ನು ಯಾರೂ ಒಪ್ಪುವುದಿಲ್ಲ. ಹೇಳಲು ನಮಗೂ ಧೈರ್ಯವಿಲ್ಲ.

ಕಾಯಕದ ಮಾತನ್ನು ಹುಟ್ಟಿಸಿದ ನಾಡು ನಮ್ಮದು. ದುಡಿಮೆಗೆ ದೈವತ್ವ ಕೊಟ್ಟ ಆ ದರ್ಶನದ ಜೊತೆಗೇ ದಾಸೋಹ ಬರುತ್ತದೆ: ದುಡಿದದ್ದು ಹಂಚಬೇಕು. ಹಾಗಿದ್ದರೆ ಸಂಬಳವಿಲ್ಲದ, ಸೇವೆಯೂ ಅಲ್ಲದ, ಕೊನೆಗೆ ಬೀರುವಿನ ಮೇಲಿನ ಕಟ್ಟಿನಲ್ಲಿ ಸೇರಿಹೋಗುವ ಒಂದು ಜಲವರ್ಣ ಚಿತ್ರ ಯಾವ ಕಾಯಕ? ಅದರಲ್ಲಿ ಹಂಚುವುದಕ್ಕೆ ಏನಿದೆ? ಇದನ್ನು ನಾನು ಹಗುರವಾಗಿ ಕೇಳುತ್ತಿಲ್ಲ. ಮನೆಯ ಎಲ್ಲರ ಹೊತ್ತಿನಿಂದ ಸ್ವಲ್ಪ ಕತ್ತರಿಸಿಕೊಂಡು ಕೂರುವವಳು ಈ ಪ್ರಶ್ನೆಗೆ ಮುಖಾಮುಖಿಯಾಗಲೇಬೇಕು.

ಉತ್ತರ ಹುಡುಕುವುದಕ್ಕೆ ಚಿತ್ರ ಬರೆಯುವಾಗ ನಿಜವಾಗಿ ಏನು ನಡೆಯುತ್ತದೆ ಎಂದು ನೋಡಬೇಕು. ದಿನವಿಡೀ ನಾನು ನೋಡುವ ಕೆಲಸವನ್ನೇ ಮಾಡುತ್ತೇನೆ. ಕೌಂಟರಿನಲ್ಲಿ ಸಹಿ ನೋಡುತ್ತೇನೆ, ಹೊಂದುತ್ತದೋ ಇಲ್ಲವೋ ಎಂದು. ಮುಖ ನೋಡುತ್ತೇನೆ, ಗುರುತಿನ ಚೀಟಿಯ ಫೋಟೊ ಅವರದೇ ಹೌದೋ ಎಂದು. ಮನೆಗೆ ಬಂದರೆ ಮಗಳ ಮುಖ ನೋಡುತ್ತೇನೆ, ಹೋಮ್‌ವರ್ಕ್ ಆಯಿತೋ, ಜ್ವರವೇನಾದರೂ ಇದೆಯೋ ಎಂದು. ಬದನೆಕಾಯಿ ನೋಡುತ್ತೇನೆ, ಹುಳ ಇದೆಯೋ ಎಂದು. ಈ ಎಲ್ಲ ನೋಟಗಳಿಗೂ ಒಂದೊಂದು ಕೇಳಿಕೆಯಿದೆ. ಉತ್ತರ ಸಿಕ್ಕ ಕ್ಷಣ ಕಣ್ಣು ಅಲ್ಲಿಂದ ಎದ್ದು ಹೋಗುತ್ತದೆ. ಬದುಕು ನಡೆಯುವುದಕ್ಕೆ ಇದು ಬೇಕು. ಇಲ್ಲದಿದ್ದರೆ ಒಂದು ಮಧ್ಯಾಹ್ನವೂ ಸಾಗುವುದಿಲ್ಲ.

ಅದೇ ಬದನೆಕಾಯಿಯನ್ನು ಚಿತ್ರ ಬರೆಯಲು ಮುಂದಿಟ್ಟುಕೊಂಡು ಕೂತರೆ ಮೊದಲ ಹತ್ತು ನಿಮಿಷ ಕಾಣುವುದು ನನಗೆ ಗೊತ್ತಿರುವ ಬದನೆಕಾಯಿಯೇ: ನೇರಳೆ ಬಣ್ಣ, ಹಸಿರು ತೊಟ್ಟು. ಕೈ ಅದನ್ನೇ ಬರೆಯಲು ಹೊರಡುತ್ತದೆ. ಆಮೇಲೆ ಒಂದೊಂದಾಗಿ ಗೊತ್ತಿಲ್ಲದ್ದು ಕಾಣಿಸಿಕೊಳ್ಳುತ್ತದೆ. ಹೊಳಪು ಬಿದ್ದ ಕಡೆ ನೇರಳೆ ಇಲ್ಲವೇ ಇಲ್ಲ. ಕಿಟಕಿಯಾಚೆಗಿನ ಆಕಾಶದ ತೆಳು ನೀಲಿ ಅಲ್ಲಿ ಕೂತಿದೆ. ಎಲ್ಲಕ್ಕಿಂತ ದಟ್ಟವಾದ ಕಪ್ಪು ಅಂಚಿನಲ್ಲಿರಬೇಕು ಎಂದುಕೊಂಡಿರುತ್ತೇವೆ, ಅದು ಅಂಚಿಗಿಂತ ಸ್ವಲ್ಪ ಒಳಗಿದೆ. ಅಂಚಿನಲ್ಲಿ ರೆಡ್ ಆಕ್ಸೈಡ್ ನೆಲದ ಕೆಂಪು ಎಗರಿ ಬಂದು ಮಂದವಾಗಿ ಬೆಳಗುತ್ತಿದೆ. ನೆರಳು ಕಪ್ಪಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾದ ಕಂದುಬಣ್ಣವನ್ನು ಬೆರೆಸಿದರೆ ಬರುವ ಆ ಉಸಿರಾಡುವ ಬೂದು, ಅದೇ ಅದು. ಬದನೆಕಾಯಿ ನನಗೆ ಉಪಯೋಗಕ್ಕೆ ಬರುವುದನ್ನು ನಿಲ್ಲಿಸಿದ ಹೊತ್ತಿಗೆ ತನ್ನಷ್ಟಕ್ಕೆ ತಾನು ಇರತೊಡಗುತ್ತದೆ. ನಾನು ಅದರಿಂದ ಏನನ್ನೂ ಕೇಳುತ್ತಿಲ್ಲ. ಹಾಗೆ ಕೇಳದೆ ಇರುವ ಸ್ಥಿತಿ ನನ್ನ ದಿನದಲ್ಲಿ ಬೇರೆಲ್ಲೂ ಇಲ್ಲ. ದೇವರ ಮನೆಯಲ್ಲಿ ಕೈ ಮುಗಿದು ನಿಂತಾಗಲೂ ಏನಾದರೊಂದು ಬೇಡಿಕೆ ನಾಲಿಗೆಯ ತುದಿಗೆ ಬಂದೇ ಇರುತ್ತದೆ.

ಮರಳಿ ಬಂದವರಿಗೆ ಹೀಗಾಗಿ ಒಂದು ಅನುಕೂಲವಿದೆ ಎಂದು ನನ್ನ ನಂಬಿಕೆ. ಕೈ ಮರೆತಿರುತ್ತದೆ, ಅದು ನಿಜ. ಗೆರೆ ನಡುಗುತ್ತದೆ, ನೀರಾಗಿಸಿ ಹರಡಿದ ತೆಳು ಬಣ್ಣ, ಅಂದರೆ ವಾಷ್, ಕಲೆಗಟ್ಟುತ್ತದೆ, ಅರ್ಧ ಒಣಗಿದ ಬಣ್ಣದ ಮೇಲೆ ಒಂದು ಹನಿ ನೀರು ಬಿದ್ದು ಹೂಕೋಸಿನ ಹಾಗೆ ಅರಳಿಬಿಡುತ್ತದೆ. ಆದರೆ ಹೈಸ್ಕೂಲಿನ ಹುಡುಗಿ ಚಿತ್ರ ಬರೆಯುತ್ತಿದ್ದುದು ಮೇಷ್ಟ್ರ ಕೆಂಪು ಶಾಯಿಯ ‘ಗುಡ್’ಗಾಗಿ. ಈಗಿನವಳಿಗೆ ಆ ಹಂಗಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ರಾತ್ರಿ ಕಳೆದ ಕಣ್ಣು, ಹೆತ್ತವರ ಕೈ ಒಣಗುತ್ತಾ ಹೋದದ್ದನ್ನು ಕಂಡ ಕಣ್ಣು ಇದು. ರುಮಾಲೆಯವರ ಗುಲ್‌ಮೊಹರಿಗೆ ಆ ತೀವ್ರತೆ ಬಂದದ್ದು ನಡುವಿನ ವರ್ಷಗಳು ವ್ಯರ್ಥವಾಗದ್ದರಿಂದಲೇ ಎಂದು ನಾನು ಓದಿಕೊಳ್ಳುತ್ತೇನೆ. ರವೀಂದ್ರನಾಥ ಟಾಗೋರರದೂ ಇಂಥದೇ ಕಥೆ. ‘ಪೂರಬಿ’ ಕವನಗಳ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಸೇರಿಸುತ್ತಾ ಹೋದಾಗ ಹಕ್ಕಿಗಳೂ ಹೆಸರಿಲ್ಲದ ಮೃಗಗಳೂ ಎದ್ದವು. ಅರವತ್ತು ದಾಟಿದ ಮೇಲೆ ಶುರುವಾದದ್ದು 1930ರಲ್ಲಿ ಪ್ಯಾರಿಸ್ಸಿನ ಪ್ರದರ್ಶನಕ್ಕೆ ಮುಟ್ಟಿತು, ಕೊನೆಗೆ ಎರಡು ಸಾವಿರಕ್ಕೂ ಮಿಕ್ಕಿ ಚಿತ್ರಗಳಾದವು.

ಇದಕ್ಕೆ ಎದುರಾಗಿ ಕೆ. ವೆಂಕಟಪ್ಪನವರು ನಿಲ್ಲುತ್ತಾರೆ. ಅವರನ್ನು ಬಿಟ್ಟು ಈ ವಿಚಾರ ಮುಂದುವರಿಸುವುದು ಸರಿಯಾಗದು. ಮೈಸೂರು ಅರಮನೆಯ ಆಶ್ರಯದಲ್ಲಿ ಕಲಿತು, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯರಾಗಿ, ಊಟಿ ಮತ್ತು ಕೊಡೈಕೆನಾಲಿನ ಬೆಟ್ಟಗಳ ಮಂಜನ್ನೂ ಬೆಳಕನ್ನೂ ಜಲವರ್ಣದಲ್ಲಿ ಹಿಡಿದವರು ಅವರು. ಮದುವೆಯಾಗಲಿಲ್ಲ. ಕಲೆ ಸಾಧನೆ, ಸಾಧಕನಿಗೆ ಸಂಸಾರ ಕೂಡದು ಎಂಬ ಹಟದಲ್ಲಿ ಬದುಕಿದರು. ಅವರ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಆ ಹಟದ ಬೆಲೆ ತಿಳಿಯುತ್ತದೆ. ಬೆಟ್ಟದ ಮೇಲೆ ಹತ್ತು ನಿಮಿಷ ನಿಂತು ಹೋಗುವ ಬೆಳಕಿಗಾಗಿ ದಿನಗಟ್ಟಲೆ ಕಾಯಬಲ್ಲವನು ಮಾತ್ರ ಅಂಥದ್ದನ್ನು ಬರೆಯಬಲ್ಲ. ಸ್ಕೂಲ್ ವ್ಯಾನಿಗೆ ಕಾಯುವವಳಿಗೆ ಅದು ಸಾಧ್ಯವಿಲ್ಲ. ನಾನು ವೆಂಕಟಪ್ಪನವರ ದಾರಿಗೆ ಕೈ ಮುಗಿಯುತ್ತೇನೆ. ಆದರೆ ಆ ದಾರಿಯೊಂದೇ ಚಿತ್ರಕಲೆಗೆ ಹೋಗುವ ದಾರಿ ಎನ್ನುವ ಮಾತನ್ನು ಒಪ್ಪಲಾರೆ. ಹಾಗೆ ಒಪ್ಪಿದರೆ ಈ ನಾಡಿನ ಅತ್ಯಂತ ಹಳೆಯ ಚಿತ್ರಕಾರರನ್ನೇ ಲೆಕ್ಕದಿಂದ ಹೊರಗಿಟ್ಟಂತೆ ಆಗುತ್ತದೆ.

ನಾನಿರುವುದು ಶಿವಮೊಗ್ಗ. ಸಾಗರ, ಸೊರಬದ ಕಡೆ ದೀವರ ಮನೆಗಳಲ್ಲಿ ಹೆಂಗಸರು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ನೆನೆಸಿ ಅರೆದ ಅಕ್ಕಿಯ ಬಿಳಿ, ಸೀಯಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚವೆಂದರೆ ಪುಂಡಿ ನಾರು. ಆ ನಾರಿನ ಕುಂಚದಿಂದ ಅವರು ಎಳೆಯುವ ಗೆರೆ ಎಷ್ಟು ನೇರವೆಂದರೆ ಅಳತೆಪಟ್ಟಿ ಹಿಡಿದರೂ ನಾಚಬೇಕು. ಮದುವೆಗೆ ಹಸೆಗೋಡೆ, ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ. ಫಲ ಹೊತ್ತ ಗದ್ದೆಗೆ ಬಯಕೆ ಊಟ ಹೊತ್ತೊಯ್ಯುವ ಬುಟ್ಟಿ ಅದು. ಒಂದು ದಿನದ ಕೆಲಸಕ್ಕೆ ಎಷ್ಟೋ ದಿನಗಳ ಚಿತ್ತಾರ. ಇವರು ಗದ್ದೆ ನಾಟಿ, ಕೊಟ್ಟಿಗೆ, ಅಡುಗೆ, ಮಕ್ಕಳು ಎಲ್ಲವನ್ನೂ ಹೊತ್ತುಕೊಂಡೇ ಬರೆದವರು. ಸಂಸಾರದಿಂದ ಎದ್ದು ಬಂದು ಬರೆದವರಲ್ಲ, ಸಂಸಾರದ ಗೋಡೆಯ ಮೇಲೇ ಬರೆದವರು. ಬೆಳಿಗ್ಗೆ ಎದ್ದು ಅಂಗಳ ಸಾರಿಸಿ ರಂಗೋಲಿ ಇಡುವ ಯಾವ ಹೆಂಗಸೂ ತನ್ನನ್ನು ಹವ್ಯಾಸಿ ಚಿತ್ರಕಾರ್ತಿ ಎಂದುಕೊಳ್ಳಲಿಲ್ಲ. ಸಂಜೆಯೊಳಗೆ ಅದು ಅಳಿಸಿಹೋಗುತ್ತದೆ ಎಂಬುದು ಅವಳಿಗೆ ತೊಡಕಾಗಲೂ ಇಲ್ಲ.

ಆದರೆ ಚಿತ್ತಾರದ ಹೆಂಗಸನ್ನು ತೋರಿಸಿ “ನೋಡಿ, ಅವರಿಗೆ ಹೊತ್ತು ಸಿಗುತ್ತಿತ್ತು, ನಿಮಗೆ ಯಾಕಿಲ್ಲ?” ಎಂದರೆ ಅನ್ಯಾಯವಾಗುತ್ತದೆ. ಅವಳಿಗೆ ಹೊತ್ತು ಕೊಟ್ಟದ್ದು ಪಂಚಾಂಗ. ಹುಣ್ಣಿಮೆ ಬಂತೆಂದರೆ ಬುಟ್ಟಿ ಬರೆಯಲೇಬೇಕು. ಅತ್ತೆಯಾದಿಯಾಗಿ ಮನೆಯವರೆಲ್ಲ ಅದನ್ನು ಕೆಲಸವೆಂದೇ ಎಣಿಸುತ್ತಿದ್ದರು, ಜೊತೆಗೆ ಕೂತು ಬಣ್ಣ ಅರೆಯುತ್ತಿದ್ದರು. ಊರಿನ ನಂಬಿಕೆ ಅವಳ ಹಿಂದೆ ನಿಂತಿತ್ತು. ಇಂದು ಫ್ಲ್ಯಾಟಿನ ಊಟದ ಮೇಜಿನ ಒಂದು ಮೂಲೆಯಲ್ಲಿ ಕಾಗದ ಹರವಿಕೊಂಡವಳ ಹಿಂದೆ ಯಾವ ಹಬ್ಬವೂ ಇಲ್ಲ. ಅವಳ ಒಂದು ಗಂಟೆಯನ್ನು ಅವಳೇ ಸಮರ್ಥಿಸಿಕೊಳ್ಳಬೇಕು, ಅವಳೇ ಗಳಿಸಬೇಕು, ಕೊನೆಗೆ ಅದಕ್ಕಾಗಿ ತಾನೇ ಸಂಕೋಚಪಡಬೇಕು. ಗಂಡಸರು ಇದೇ ಕೆಲಸಕ್ಕೆ ಕೂತರೆ ಮನೆ ತಾನಾಗಿ ಸದ್ದು ಕಡಿಮೆ ಮಾಡಿಕೊಳ್ಳುತ್ತದೆ. ಹೆಂಗಸು ಕೂತರೆ ಕುಕ್ಕರಿನ ಸೀಟಿ ಎಣಿಸುವ ಕೆಲಸವೂ ಅವಳದೇ ಆಗಿರುತ್ತದೆ. ಈ ವ್ಯತ್ಯಾಸವನ್ನು ಮುಚ್ಚಿಟ್ಟು ಹವ್ಯಾಸದ ಬಗ್ಗೆ ಎಷ್ಟು ಸುಂದರವಾಗಿ ಬರೆದರೂ ಅದು ಅರ್ಧ ಸತ್ಯ.

ನಾನು ತೈಲವರ್ಣ ಬಿಟ್ಟು ಜಲವರ್ಣ ಹಿಡಿದದ್ದಕ್ಕೂ ಮನೆಯೇ ಕಾರಣ. ತೈಲವರ್ಣದ ಅಗಸೆ ಎಣ್ಣೆ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ದಿನಗಟ್ಟಲೆ ನಿಧಾನವಾಗಿ ಗಟ್ಟಿಯಾಗುತ್ತದೆ. ಭಾನುವಾರಕ್ಕೊಮ್ಮೆ ಕೂರುವವರಿಗೆ ಆ ನಿಧಾನ ವರವೇ ಸರಿ. ಆದರೆ ಟರ್ಪೆಂಟೈನಿನ ವಾಸನೆ ಎರಡು ಕೋಣೆಯ ಮನೆಯಲ್ಲಿ ಎಲ್ಲರ ನೆತ್ತಿಗೂ ಏರುತ್ತದೆ. ಜಲವರ್ಣಕ್ಕೆ ಒಂದು ಲೋಟ ನೀರು, ಒಂದು ಹಳೆ ಹತ್ತಿ ಬಟ್ಟೆ, 300 ಜಿಎಸ್ಎಮ್ಮಿನ ದಪ್ಪ ಕಾಗದ ಸಾಕು. ತೆಳು ಕಾಗದ ಕೊಂಡು ಉಳಿಸಲು ಹೋಗಬಾರದು, ನೀರು ತಾಗಿದ ಕೂಡಲೇ ಅದು ಅಲೆಅಲೆಯಾಗಿ ಎದ್ದು ಕೂರುತ್ತದೆ. ಬಣ್ಣದಲ್ಲಿ ಕಡಿಮೆ ಬೆಲೆಯದ್ದನ್ನು ಸಹಿಸಬಹುದು, ಕಾಗದದಲ್ಲಿ ಸಹಿಸಬಾರದು. ಇನ್ನು ಒಂದು ವಾಷ್ ಎಳೆದ ಮೇಲೆ ಅದು ಒಣಗುವವರೆಗೆ ಕೈ ಕಟ್ಟಿ ಕೂರಲೇಬೇಕು. ಮಲೆನಾಡಿನ ಮಳೆಗಾಲದಲ್ಲಂತೂ ಆ ಕಾಯುವಿಕೆ ಬೇಸಿಗೆಯ ಎರಡರಷ್ಟು. ಆ ಬಿಡುವಿನಲ್ಲಿ ಹಾಲು ಉಕ್ಕದ ಹಾಗೆ ನೋಡಿಕೊಳ್ಳಬಹುದು, ಒಗೆದ ಬಟ್ಟೆ ಒಳಗೆ ತರಬಹುದು, ಮಗಳ ಮಗ್ಗಿ ಕೇಳಬಹುದು. ಅಡ್ಡಿ ಎಂದುಕೊಂಡಿದ್ದ ಕೆಲಸಗಳು ಚಿತ್ರದ ತಾಳದೊಳಗೆ ಬಂದು ಸೇರುತ್ತವೆ. ಚಿತ್ರಕ್ಕೂ ಅದರಿಂದ ಲಾಭವೇ, ಆತುರದ ಕೈ ಒದ್ದೆ ಬಣ್ಣವನ್ನು ಕೆದಕುವುದು ತಪ್ಪುತ್ತದೆ.

ಜಲವರ್ಣದಲ್ಲಿ ಇನ್ನೊಂದು ಕಟ್ಟುನಿಟ್ಟಿದೆ. ಅದರಲ್ಲಿ ಬೆಳಕೆಂದರೆ ಬರಿಯ ಕಾಗದ. ಬೆಳಕನ್ನು ಆಮೇಲೆ ಹಚ್ಚುತ್ತೇನೆ ಎನ್ನುವಂತಿಲ್ಲ, ಎಲ್ಲಿ ಬಣ್ಣ ಹಾಕಬಾರದು ಎಂಬುದನ್ನು ಮೊದಲೇ ತೀರ್ಮಾನಿಸಿ ಬಿಟ್ಟುಕೊಡಬೇಕು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ನೋಡದ ಕನ್ನಡಿಗರು ಕಡಿಮೆ. ಕತ್ತಲೆ ಕೋಣೆಯಲ್ಲಿ ಅದರ ಮುಂದೆ ಜನ ಗುಂಪುಗಟ್ಟಿ ನಿಂತಿರುತ್ತಾರೆ. ಅದು ರವಿವರ್ಮನದು, ತೈಲವರ್ಣದ್ದು ಎಂದೇ ಬಹಳ ಜನರ ನಂಬಿಕೆ. ಬರೆದವರು ಎಸ್.ಎಲ್. ಹಲ್ದಣ್‌ಕರ್, ಮತ್ತು ಅದು ಜಲವರ್ಣ. ಬೆರಳ ಸಂದಿನಿಂದ ಸೋರುವ ಆ ಕೆಂಬೆಳಕು, ಮುಖಕ್ಕೆ ತಾಗಿದ ಆ ಹೊಂಬಣ್ಣ ಬಿಟ್ಟುಕೊಟ್ಟ ಕಾಗದದ ಬಲದಿಂದ ನಿಂತದ್ದು. ಇನ್ನೂ ಒಂದು ಸಂಗತಿ ನನಗೆ ಮುಖ್ಯ. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಹಗಲೂ ಇರುಳೂ ಮನೆಯಲ್ಲಿ ಓಡಾಡಿಕೊಂಡಿದ್ದ ಮಗಳನ್ನು ತಂದೆ ಆ ಹೊತ್ತು ಯಾವ ಕೆಲಸಕ್ಕೂ ಕರೆಯದೆ, ಯಾವ ಬುದ್ಧಿಮಾತೂ ಹೇಳದೆ ನೋಡಿದರು.

ಕಾಯಕದ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಲ್ಲಿದೆ. ಒಂದು ಮಧ್ಯಾಹ್ನ ನಮ್ಮ ಅತ್ತೆ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. “ಅತ್ತೆ, ಸ್ವಲ್ಪ ಹೊತ್ತು ಹಾಗೇ ಕೂತಿರ್ತೀರಾ?” ಎಂದೆ. “ನನ್ನ ಮುಖದಲ್ಲಿ ಎಂತ ಇದೆ ಮಾರಾಯ್ತಿ ಬರೆಯಕ್ಕೆ” ಎಂದರು, ಆದರೆ ಏಳಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವರ ಮುಖ ನೋಡುತ್ತಲೇ ಇದ್ದೇನೆ: ಕೋಪವಿದೆಯೋ, ಮೆಚ್ಚಿದರೋ, ಮಾತ್ರೆ ತೆಗೆದುಕೊಂಡರೋ, ಬಿ.ಪಿ. ಏರಿದೆಯೋ. ಸೊಸೆಯ ಕಣ್ಣಿಗೆ ಅತ್ತೆಯ ಮುಖವೆಂದರೆ ದಿನದಿನದ ಹವಾಮಾನ. ಅಂದು ಮಾತ್ರ ಆ ಮುಖದಿಂದ ನನಗೆ ತಿಳಿಯಬೇಕಾದದ್ದು ಏನೂ ಇರಲಿಲ್ಲ. ಎಡಗಣ್ಣಿನ ರೆಪ್ಪೆ ಬಲದಕ್ಕಿಂತ ಕೆಳಗೆ ಇಳಿದಿತ್ತು. ಕಿವಿಯೋಲೆಯ ಭಾರಕ್ಕೆ ಹಾಲೆ ಜಗ್ಗಿ ಉದ್ದವಾಗಿತ್ತು. ಹೆಬ್ಬೆರಳು ಸಿಪ್ಪೆ ಬಿಡಿಸುವಾಗ ಅದರ ಬುಡದ ಗೆಣ್ಣು ನೋವಿಗೆ ತುಸು ತಡೆದು ಮುಂದೆ ಹೋಗುತ್ತಿತ್ತು. ಆ ತಡೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಚಿತ್ರ ಸುಮಾರಾಗಿ ಬಂತು. ಮೂಗು ಅವರದಲ್ಲ ಎಂದು ಮನೆಯವರೆಲ್ಲ ಹೇಳಿದರು. ಆದರೆ ಅಂದಿನಿಂದ ಕಾಯಿ ತುರಿಯುವ ಕೆಲಸ ಅವರಿಗೆ ಬಿಡುವುದಿಲ್ಲ. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಚಿತ್ರ ಬೀರುವಿನ ಮೇಲೆ ಹೋಗಿ ಕೂತಿತು. ನೋಟ ಮನೆಯಲ್ಲೇ ಉಳಿಯಿತು. ಹಂಚಿಕೆ ಎಂಬುದು ಇದ್ದರೆ ಅದು ಇಲ್ಲಿದೆ ಎಂದು ನಾನು ತಿಳಿದುಕೊಂಡಿದ್ದೇನೆ. ಎಲ್ಲ ಚಿತ್ರವೂ ಹೀಗೆ ಫಲ ಕೊಡುತ್ತದೆಂದು ಹೇಳಲಾರೆ, ಕೊಡಬೇಕೆಂದು ಕಾದು ಕೂತರೆ ಅದೂ ಇನ್ನೊಂದು ಲೇವಾದೇವಿಯಾಗುತ್ತದೆ. ಸಂಸಾರದಲ್ಲಿ ನಾವು ಒಬ್ಬರನ್ನೊಬ್ಬರು ತುಂಬ ಪ್ರೀತಿಸುತ್ತೇವೆ ಮತ್ತು ಬಹಳ ಕಡಿಮೆ ನೋಡುತ್ತೇವೆ. ಪ್ರೀತಿಯೊಳಗೇ ಎಷ್ಟೊಂದು ನಿರೀಕ್ಷೆ, ಜವಾಬ್ದಾರಿ, ಆತಂಕ ತುಂಬಿಕೊಂಡಿರುತ್ತದೆಂದರೆ ಎದುರಿಗಿರುವ ಮುಖಕ್ಕೆ ಜಾಗವೇ ಉಳಿಯುವುದಿಲ್ಲ. ವಾರಕ್ಕೆ ಒಂದೆರಡು ಗಂಟೆ ಒಂದು ತಂಬಿಗೆಯನ್ನೋ ಒಂದು ಸಂಪಿಗೆ ಹೂವನ್ನೋ ಏನೂ ಕೇಳದೆ ನೋಡಿ ರೂಢಿಯಾದ ಕಣ್ಣು ಮನುಷ್ಯರ ಕಡೆಗೂ ಹಾಗೆ ತಿರುಗುವುದು ಸಾಧ್ಯ. ಈ ಕಾರಣಕ್ಕೆ ಚಿತ್ರ ಬರೆಯುವ ಹೊತ್ತು ಮನೆಯಿಂದ ಕದ್ದ ಹೊತ್ತು ಎಂದು ನಾನು ಈಗ ಎಣಿಸುವುದಿಲ್ಲ.

ಮತ್ತೆ ಶುರುಮಾಡಬೇಕೆಂದು ಇರುವವರಿಗೆ ನನ್ನ ಮಾತು ಇಷ್ಟೇ. ದೊಡ್ಡ ಪೆಟ್ಟಿಗೆ, ಈಸೆಲ್ ಎಂದು ಕಾಯಬೇಡಿ. ಮೂರು ಬಣ್ಣ, ಒಂದು ದುಂಡು ಕುಂಚ, ಒಳ್ಳೆಯ ಕಾಗದ ತನ್ನಿ. ಬರೆದದ್ದನ್ನು ಅಂದೇ ಫೋಟೊ ತೆಗೆದು ಯಾರಿಗೂ ಕಳಿಸಬೇಡಿ, ಕೆಲವು ದಿನ ಅದು ನಿಮ್ಮ ಬಳಿಯೇ ಇರಲಿ. ಮನೆಯ ಉಳಿದವರಿಗೂ ಒಂದು ಬಿನ್ನಹವಿದೆ. ನಿಮ್ಮ ಮನೆಯಲ್ಲಿ ಹಿಂದೆ ಚಿತ್ರ ಬರೆಯುತ್ತಿದ್ದವರೊಬ್ಬರು ಇದ್ದೇ ಇರುತ್ತಾರೆ, ಹೆಂಡತಿಯೋ, ಅಣ್ಣನೋ, ನಿವೃತ್ತರಾದ ಅಪ್ಪನೋ, ವಿಚಾರಿಸಿದರೆ ತಿಳಿಯುತ್ತದೆ. ಬಣ್ಣದ ಪೆಟ್ಟಿಗೆ ಉಡುಗೊರೆ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಊಟದ ಮೇಜು ತೆರವು ಮಾಡಿ ಕೊಡಿ, ಬರುವ ಭಾನುವಾರದ ಅಡುಗೆಯನ್ನು ನೀವು ವಹಿಸಿಕೊಳ್ಳಿ.